ಹನುಮಣ್ಣನ ಬಾಯಿಗೆ ಹೊಲಿಗೆ

ಚನ್ನಗಿರಿ
11-7-1983

ಮಾನ್ಯ ಕಲ್ಲೇಶಪ್ಪನವರಿಗೆ, ಚನ್ನಗಿರಿ ಮಾರುತಿ ಬ್ಯಾಂಡ್ ಸೆಟ್ಟಿನ ಕ್ಲಾರ್ನೆಟ್ ಹನುಮಣ್ಣ ಬರೆಯುವ ಕಾಗದ.

ಒಂಬತ್ತು ವರ್ಷದ ಮೇಲೆ ಇವನ ಕಾಗದ ಯಾಕೆ ಬಂತು ಅಂತ ಹರಿದು ಹಾಕಬ್ಯಾಡ್ರಿ. ಕೊನೇತನಕ ಓದಿ, ಆಮೇಲೆ ಬೇಕಾದ್ರೆ ಹರೀರಿ. ಹಳೇ ಮಾತು ಎತ್ತಾಕೆ ಬರೆದಿಲ್ಲ. ನನಗೊಂದು ವಿಚಿತ್ರ ಕಾಯಿಲೆ ಬಂದೈತೆ. ಬಾಯಲ್ಲಿ ಕುಡಿದ ನೀರು ಮೂಗಲ್ಲಿ ಬರ್ತೈತೆ.

ನೀವು ನಗ್ತಿದೀರಿ ಅಂತ ಇಲ್ಲಿಂದಲೇ ಗೊತ್ತಾಗ್ತೈತೆ. ಚನ್ನಗಿರಿಯಲ್ಲೂ ಎಲ್ಲರೂ ನಕ್ಕಾಯ್ತು.

ಆಗಿದ್ದು ಹಿಂಗೆ. ಏಪ್ರಿಲ್‌ನಲ್ಲಿ ನ್ಯಾಮತಿಗೆ ಒಂದು ಮದುವೆ ಬಾರಿಸಾಕೆ ಹೋಗಿದ್ವಿ. ಎಡಗಡೆ ಮೇಲಿನ ದವಡೆ ಹಲ್ಲು ಮೂರು ದಿನದಿಂದ ಜೀವ ತಿಂತಿತ್ತು. ಸಂತೆಯಲ್ಲಿ ಕೊಡೆ ಕೆಳಗೆ ಕುಂತು ಹಲ್ಲು ಕೀಳೋನೊಬ್ಬ ಇದ್ದ. ಅವನ ಮುಂದೆ ಬಟ್ಟೆ ಮೇಲೆ ಕಿತ್ತ ಹಲ್ಲಿನ ರಾಶಿ ಇತ್ತು. ಅಷ್ಟು ಕಿತ್ತಿದಾನೆ ಅಂದ್ರೆ ಕೈ ಪಳಗಿರಬೇಕು ಅಂತ ಬಾಯಿ ತೆಗೆದೆ. ಹಲ್ಲು ಬಂತು, ಒಂದು ಬೇರು ಮಾತ್ರ ಮೇಲೇ ಮುರಕೊಂತು. ಅದನ್ನೂ ಕೆದಕಿ ತೆಗೆದ. ರಕ್ತ ನಿಂತ ಮೇಲೆ ಮೆರವಣಿಗೆಗೆ ಹೋಗಿ ಕ್ಲಾರ್ನೆಟ್ ಬಾಯಿಗಿಟ್ಟೆ. ಸ್ವರ ಬರೋ ಬದಲು ಮೂಗಲ್ಲಿ ಪುಸ್ ಅಂತ ಗಾಳಿ ಹೋಯ್ತು. ಬೀಗರೆಲ್ಲ ತಿರುಗಿ ನೋಡಿದ್ರು.

ಅವತ್ತಿಂದ ಹಂಗೇ ಐತೆ. ಈಗ ಪಾಪಣ್ಣ ಮೊದಲನೇ ಕ್ಲಾರ್ನೆಟ್ ಊದ್ತಾನೆ. ನಾನು ತಾಳ ಕುಟ್ಟಿಕೊಂಡು ಹಿಂದೆ ನಡೀತೀನಿ. ಇಪ್ಪತ್ತೆರಡು ವರ್ಷ ಮುಂದೆ ನಡೆದವನು.

ಇಲ್ಲಿನ ಡಾಕ್ಟ್ರು ದಾವಣಗೆರೆಗೆ ಹೋಗು ಅಂದ್ರು. ಅಷ್ಟರಲ್ಲಿ ನಮ್ಮ ಬ್ಯಾಂಡಿನ ಯಜಮಾನ ಮಹೇಶ್ವರಪ್ಪ ಹೇಳಿದ್ರು: ಜಗಳೂರು ಆಸ್ಪತ್ರೆಗೆ ಪ್ರತಿ ಗುರುವಾರ ಹಲ್ಲಿನ ಡಾಕ್ಟ್ರಮ್ಮ ಬರ್ತಾರೆ, ಕಲ್ಲೇಶಪ್ಪ ಅಲ್ಲೇ ಅವರ ಜೊತೆ ನಿಂತು ಸಾಮಾನು ಎತ್ತಿಕೊಡ್ತಾನೆ ಅಂತ. ಬಿಳಿಚೋಡಿನ ಅವರ ನೆಂಟರೊಬ್ಬರು ನಿಮ್ಮನ್ನ ನೋಡಿದ್ರಂತೆ. ದಾವಣಗೆರೆಯಲ್ಲಿ ನನಗೆ ಯಾರೂ ಗೊತ್ತಿಲ್ಲ. ಬಾಯಿ ತೆರಕೊಂಡು ಹೆದರಿ ಕುಂತಾಗ ಎದುರಿಗೆ ಗೊತ್ತಿರೋ ಮುಖ ಒಂದಿರಲಿ ಅನ್ನಿಸ್ತು. ಆ ಮುಖ ಸಿಟ್ಟಾಗಿದ್ರೂ ಪರವಾಗಿಲ್ಲ.

ಬರಲೋ ಬ್ಯಾಡವೋ ಒಂದು ಸಾಲು ಬರೀರಿ.

ಇಂತಿ,
ಹನುಮಣ್ಣ


ಜಗಳೂರು
16-7-1983

ಶ್ರೀ ಹನುಮಣ್ಣನವರಿಗೆ,

ತಮ್ಮ ಕಾಗದ ತಲುಪಿತು. ಸದರಿ ವಿಷಯವನ್ನು ಡಾಕ್ಟರ್ ಕಸ್ತೂರಮ್ಮನವರ ಗಮನಕ್ಕೆ ತಂದಿದ್ದೇನೆ. ದಿನಾಂಕ 21ರ ಗುರುವಾರ ಬೆಳಗ್ಗೆ ಹತ್ತು ಗಂಟೆಗೆ ಹಾಜರಿರತಕ್ಕದ್ದು. ದಾವಣಗೆರೆಯಿಂದ ಬಿಳಿಚೋಡಿನ ಮೇಲೆ ಬರುವ ಬಸ್ಸು ಹಿಡಿಯಿರಿ. ತಿಂಡಿ ತಿಂದು ಬರಬೇಕು. ಬೀಡಿ ಸೇದಿ ಬರಬಾರದು. ಸೇದಿದರೆ ಡಾಕ್ಟರಿಗೆ ವಾಸನೆ ಗೊತ್ತಾಗುತ್ತದೆ, ನನಗೆ ಮುಖ ನೋಡಿದರೇ ಗೊತ್ತಾಗುತ್ತದೆ.

ನಾನು ನಗಲಿಲ್ಲ.

ಕಲ್ಲೇಶಪ್ಪ
ಅಟೆಂಡರ್


ಚನ್ನಗಿರಿ
26-7-1983

ಕಲ್ಲೇಶಪ್ಪನವರೇ,

ಒಂಬತ್ತು ವರ್ಷದ ಮೇಲೆ ಕಂಡ ಗೆಳೆಯ ಮೊದಲು ಆಡಿದ ಮಾತು ಏನು? 'ಬಾಯಿ ತೆಗೀರಿ.' ಎರಡನೇ ಮಾತು? 'ಬಾಯಿ ಮುಚ್ಚಿರಿ.' ಮೂರನೇ ಮಾತೇ ಇಲ್ಲ. ಬಸ್ಸಲ್ಲಿ ನಾಲ್ಕು ಗಂಟೆ ಕುಂತು, ಏನು ಮಾತಾಡಬೇಕು ಅಂತ ಎಲ್ಲ ಜೋಡಿಸಿಕೊಂಡು ಬಂದಿದ್ದೆ. ಎಲ್ಲ ದಂಡ ಆಯ್ತು.

ಆದ್ರೆ ಡಾಕ್ಟ್ರಮ್ಮ ನನಗೆ ಹಿಡಿಸಿದ್ರು. ಕೈ ನೋಡಿದ್ರೆ ಸಣ್ಣ ಹುಡುಗಿ ಕೈ, ಹಿಡಿದ್ರೆ ಇಕ್ಕಳ. ಮೂಗು ಮುಚ್ಚಿ ಊದು ಅಂದ್ರಲ್ಲ, ಆಗ ಹಲ್ಲಿನ ಜಾಗದಲ್ಲಿ ಗುಳುಗುಳು ಅಂದಿದ್ದು ನಿಮಗೂ ಕೇಳಿಸ್ತಲ್ವಾ? ಅವರು ಹೇಳಿದ್ದು ಮನೆಗೆ ಬಂದು ನಮ್ಮಾಕೆ ಸಾವಂತ್ರಮ್ಮಂಗೆ ಹೇಳಿದೆ: ಕೆನ್ನೆ ಮೂಳೆ ಒಳಗೆ ಗಾಳಿ ತುಂಬಿದ ಗೂಡೊಂದು ಐತೆ, ದವಡೆ ಹಲ್ಲಿನ ಬೇರು ಅದರ ನೆಲಕ್ಕೆ ತಾಗಿಕೊಂಡಿರ್ತೈತೆ, ಕೆದಕಿದವನು ಆ ನೆಲಾನೇ ತೂತು ಮಾಡಿದಾನೆ ಅಂತ. ಅವಳು, "ಅಂದ್ರೆ ನಿಮ್ಮ ತಲೆ ಒಳಗೆ ಬರೀ ಗಾಳಿ ಅಂತ ದೊಡ್ಡ ಡಾಕ್ಟ್ರೇ ಹೇಳಿದಂಗಾಯ್ತು" ಅಂದಳು.

ಪಿಚಕಾರಿಯಲ್ಲಿ ಉಪ್ಪುನೀರು ಹಾಕಿ ತೊಳೆದಾಗ ಅದು ಮೂಗಿಂದ ಸುರೀತಲ್ಲ, ಆಗ ಟ್ರೇ ಹಿಡಿದು ನಿಂತಿದ್ದ ನೀವು ಮುಖ ಆ ಕಡೆ ತಿರುಗಿಸಿಕೊಂಡ್ರಿ. ನಗು ತಡಕೊಳ್ಳಾಕೋ ಬೇರೆ ಯಾವುದಕ್ಕೋ ನನಗೆ ಗೊತ್ತಾಗಲಿಲ್ಲ.

ಇಂಜೆಕ್ಷನ್ ಇಲ್ಲೇ ತಗೊಂತಿದೀನಿ. ದಿನಾ ಎರಡು ಸಲ ಆವಿ. ಆಗಸ್ಟ್ 11ಕ್ಕೆ ಹೊಲಿಗೆ ಹಾಕಿಸಿಕೊಳ್ಳಾಕೆ ಬರ್ತೀನಿ. ಅವತ್ತಾದ್ರೂ ಮೂರನೇ ಮಾತು ಆಡ್ರಿ.

ಹನುಮಣ್ಣ


ಜಗಳೂರು
14-8-1983

ಹನುಮಣ್ಣನವರಿಗೆ,

ಹೊಲಿಗೆ ಹಾಕುವಾಗ ತಾವು ಕಣ್ಣು ಮುಚ್ಚಿಕೊಂಡು ಆಂಜನೇಯನನ್ನು ಕರೆಯುತ್ತಿದ್ದುದರಿಂದ ಒಳಗೆ ಏನು ನಡೆಯಿತೆಂದು ತಮಗೆ ತಿಳಿಯದು. ತಿಳಿದರೆ ಜೋಪಾನ ಮಾಡುತ್ತೀರಿ ಎಂದು ಬರೆಯುತ್ತಿದ್ದೇನೆ.

ನಾಲ್ಕು ತಿಂಗಳಲ್ಲಿ ಆ ತೂತಿನ ಸುತ್ತ ಚರ್ಮ ಬೆಳೆದುಬಿಟ್ಟಿತ್ತು, ಕಿವಿ ಚುಚ್ಚಿದ ತೂತಿನ ಹಂಗೆ. ಹಂಗೇ ಬಿಟ್ಟರೆ ಅದು ಈ ಜನ್ಮದಲ್ಲಿ ಮುಚ್ಚಲ್ಲ. ಅದಕ್ಕೆ ಮೇಡಂ ಆ ಅಂಚನ್ನೆಲ್ಲ ಕೊಯ್ದು ಹಸಿ ಮಾಡಿದರು. ಹಸಿ ಗಾಯ ಹಸಿ ಗಾಯಕ್ಕೇ ಅಂಟೋದು ಅಂತ ಹೇಳ್ತಾರೆ. ಆಮೇಲೆ ಕೆನ್ನೆ ಕಡೆ ಒಸಡನ್ನು ಕಿಟಕಿ ಪರದೆ ಹಂಗೆ ಬಿಡಿಸಿದರು. ಪರದೆ ತೂತಿನ ಅಂಚಿಗೆ ಬಂತು, ಆಚೆ ದಾಟಲಿಲ್ಲ. ಎಳೆದು ಕಟ್ಟಬಹುದಲ್ಲಾ ಅಂತ ನಾನು ಬಾಯಿ ಹಾಕಿದೆ. "ಎಳೆದು ಕಟ್ಟಿದ್ದು ನಿಲ್ಲಲ್ಲ ಕಲ್ಲೇಶಪ್ಪ, ರಕ್ತ ಓಡಾಡದೆ ಮಾಂಸ ಸಾಯ್ತದೆ. ಅದಾಗೇ ಬಂದು ಕೂತ್ಕೋಬೇಕು" ಅಂದರು. ಪರದೆ ಹಿಂದೆ ಬಿಳೀ ಬಿಗಿ ಪೊರೆಯೊಂದು ಐತೆ. ಅದನ್ನ ಉದ್ದಕ್ಕೆ ಒಂದು ಸಲ ಮೆಲ್ಲಗೆ ಗೀರಿದರು ನೋಡು, ಇಡೀ ಪರದೆ ಸಡಿಲಾಗಿ ತೂತು ದಾಟಿ ಆಚೆ ಮೂಳೆ ಮೇಲೆ ಬಂದು ಕುಂತಿತು. ಹೊಲಿಗೆ ಗಟ್ಟಿ ಮೂಳೆ ಮೇಲೆ ಬೀಳಬೇಕಂತೆ, ತೂತಿನ ಮೇಲೆ ಬಿದ್ದರೆ ಕೆಳಗೆ ಆಸರೆ ಇರಲ್ಲ.

ಕರೀ ರೇಷ್ಮೆ ದಾರ, ಬಾಗಿದ ಸೂಜಿ, ಐದು ಹೊಲಿಗೆ. ಒಂದೊಂದಕ್ಕೂ ಬೇರೆ ಗಂಟು. ಒಂದೇ ದಾರದಲ್ಲಿ ಸರಸರ ಹೊಲಿದ್ರೆ ಬೇಗ ಆಗ್ತೈತೆ, ಆದ್ರೆ ಒಂದು ಕಡೆ ಬಿಚ್ಚಿದ್ರೆ ಪೂರ್ತಿ ಬಿಚ್ಚಿಕೊಳ್ತೈತೆ. ಬಿಡಿ ಹೊಲಿಗೆಯಲ್ಲಿ ಒಂದು ಹೋದ್ರೂ ಮಿಕ್ಕ ನಾಲ್ಕು ಹಿಡಕೊಂಡಿರ್ತಾವೆ. ನಿನಗೆ ಐದೂ ಬೇಕು, ನಿನ್ನ ಸ್ವಭಾವ ನನಗೆ ಗೊತ್ತು.

ಮೂಗು ಸೀಟಬ್ಯಾಡ. ಸೀನು ಬಂದ್ರೆ ಬಾಯಿ ತೆರೆದು ಸೀನು. ಬೀಡಿ ಮುಟ್ಟಬ್ಯಾಡ. ಎಡಗಡೆ ಅಗೀಬ್ಯಾಡ. ಎರಡು ವಾರಕ್ಕೆ ಹೊಲಿಗೆ ಬಿಚ್ಚಿಸಾಕೆ ಬಾ. ಕ್ಲಾರ್ನೆಟ್ ಪೆಟ್ಟಿಗೇನ ಕಣ್ಣಿಗೆ ಕಾಣದ ಕಡೆ ಇಡು.

ಬರೀತಾ ಬರೀತಾ ಏಕವಚನಕ್ಕೆ ಇಳಿದುಬಿಟ್ಟೆ. ಮತ್ತೆ ಮೊದಲಿಂದ ಬರಿಯಾಕೆ ಹಾಳೆ ಇಲ್ಲ.

ಕಲ್ಲೇಶಪ್ಪ


ಚನ್ನಗಿರಿ
22-8-1983

ಕಲ್ಲೇಶಣ್ಣಾರಿಗೆ ನಿಮ್ಮ ತಂಗಿ ಸಾವಂತ್ರಮ್ಮ ಬೇಡಿಕೊಳ್ಳೋದು.

ನಾನು ಬರೆದಿದೀನಿ ಅಂತ ಇವರಿಗೆ ಗೊತ್ತಿಲ್ಲ. ಆಗಿದ್ದನ್ನ ನಿಮಗೆ ತಿಳಿಸಬ್ಯಾಡ ಅಂತ ನನಗೆ ಕೈ ಮುಗಿದಿದಾರೆ, ಅದಕ್ಕೇ ಬೇಗ ಬರೀತಿದೀನಿ.

ಎಂಟು ದಿನ ಬಂಗಾರದಂಗೆ ಇದ್ರು. ಗಂಜಿ ಕುಡುದ್ರು, ಮಜ್ಜಿಗೆ ಕುಡುದ್ರು, ಸೀನು ಬಂದ್ರೆ ಬೀದಿಗೆ ಓಡಿಹೋಗಿ ಬಾಯಿ ತೆರೆದು ಸೀನಿ ಬರ್ತಿದ್ರು. ಪೆಟ್ಟಿಗೇನ ನಾನೇ ಅಟ್ಟದ ಮೇಲೆ ಇಟ್ಟು ಮುಂದೆ ಮೆಣಸಿನಕಾಯಿ ಚೀಲ ಇಟ್ಟಿದ್ದೆ. ಒಂಬತ್ತನೇ ದಿನ, ಶನಿವಾರ, ಮಹೇಶ್ವರಪ್ಪನ ಮನೆ ಮುಂದೆ ಬ್ಯಾಂಡಿನೋರು ಹೊಸ ಹಾಡು ಕಲೀತಿದ್ರು. ನಮ್ಮನೆಗೆ ಎಲ್ಲ ಕೇಳ್ತೈತೆ. ಪಾಪಣ್ಣ ಒಂದೇ ಜಾಗದಲ್ಲಿ ಮತ್ತೆ ಮತ್ತೆ ತಪ್ಪಿದ. ಮೊದಲು ಇವರು ಕಿವಿ ಮುಚ್ಚಿಕೊಂಡ್ರು. ಆಮೇಲೆ ಒಳಗೆ ಹೋಗಿ ಬಾಗಿಲು ಹಾಕ್ಕೊಂಡ್ರು. ಆಮೇಲೆ ಯಾವಾಗ ಹೊರಗೆ ಹೋದ್ರೋ ಕಾಣೆ. ನಾನು ಹೋಗಿ ನೋಡೋ ಹೊತ್ತಿಗೆ ಪಾಪಣ್ಣನ ಕೈಯಿಂದ ಕಿತ್ತುಕೊಂಡು, "ಹಿಂಗಲ್ಲೋ ಮಾರಾಯ" ಅಂತ ಊದೇಬಿಟ್ಟಿದ್ರು.

ಹೊಲಿಗೆ ಪಟ್ ಅಂತ ಹೋಯ್ತಂತೆ, ಅವರಿಗೇ ಕೇಳಿಸ್ತಂತೆ. ಸಂಜೆ ಚಾ ಕುಡಿಯೋವಾಗ ಮೂಗಿಂದ ಚಾ ಬಂತು. ಲೋಟ ಕೆಳಗಿಟ್ಟು ಗೋಡೆ ಕಡೆ ತಿರುಗಿ ಕುಂತ್ರು. ನನಗೆ ಬೈಯಾಕೆ ಬಾಯಿ ಬರಲಿಲ್ಲ ಅಣ್ಣಾ.

ಐದರಲ್ಲಿ ಎರಡು ಹೊಲಿಗೆ ಉಳಿದಾವೆ. ಕನ್ನಡಿ ಹಿಡಿದು ಎಣಿಸಿದೀನಿ. ಏನು ಮಾಡಬೇಕು ಬರೀರಿ.

ಸಾವಂತ್ರಮ್ಮ


ಜಗಳೂರು
27-8-1983

ಹನುಮಣ್ಣ,

ಯಾರು ಹೇಳಿದರು ಅಂತ ಕೇಳಬ್ಯಾಡ. ಪೋಸ್ಟಿನವನು ಹೇಳಿದ ಅಂದ್ಕೋ.

ಗುರುವಾರ ಮೇಡಂಗೆ ವಿಷಯ ಹೇಳಾಕೆ ನನಗೇ ನಾಚಿಕೆ ಆಯ್ತು. ನಾನೇ ಊದಿ ಹೊಲಿಗೆ ಕಿತ್ತುಕೊಂಡವನ ಹಂಗೆ ತಲೆ ತಗ್ಗಿಸಿ ನಿಂತೆ. ಅವರು ಬೈಯಲಿಲ್ಲ. "ಯಾವ ಹಾಡು?" ಅಂತ ಕೇಳಿದರು. ನನಗೆ ಗೊತ್ತಿಲ್ಲ ಅಂದೆ. "ಕೇಳಿ ಬರೀರಿ, ಅಷ್ಟು ಚೆನ್ನಾಗಿರೋ ಹಾಡು ಯಾವುದು ನಾನೂ ತಿಳ್ಕೋತೀನಿ" ಅಂದರು. ಸಿಟ್ಟಿಲ್ಲದೆ ಹೇಳಿದ್ದು ಸಿಟ್ಟಿಗಿಂತ ಜಾಸ್ತಿ ಚುಚ್ಚಿತು.

ಈಗ ಕೇಳು. ಉಳಿದ ಎರಡು ಹೊಲಿಗೆ ಬಿಚ್ಚಿಸಿಕೊಂಡು ಹೋಗು. ನವೆಂಬರ್‌ತನಕ ಗಾಯ ಮಾಯಬೇಕು. ಕೆನ್ನೆ ಕಡೆ ಒಸಡು ಒಂದು ಸಲ ಹರಿದೈತೆ, ಅದನ್ನ ಮತ್ತೆ ಎಳೆಯಾಕೆ ಆಗಲ್ಲ. ಈ ಸಲ ಅಂಗುಳಿಂದ ತೆಗೀತಾರೆ. ಅಂಗುಳಿನ ಮಾಂಸ ದಪ್ಪ, ಗಟ್ಟಿ. ಅದರೊಳಗೆ ಹಿಂದಿನಿಂದ ಮುಂದಕ್ಕೆ ಒಂದು ರಕ್ತನಾಳ ಹರೀತೈತೆ. ಆ ನಾಳ ಕಡೀದಂಗೆ ನಾಲಿಗೆ ಆಕಾರಕ್ಕೆ ಮಾಂಸ ಬಿಡಿಸಿ, ಪಕ್ಕಕ್ಕೆ ತಿರುಗಿಸಿ ತೂತಿನ ಮೇಲೆ ಹೊಚ್ಚಿ ಹೊಲೀತಾರೆ. ಬಿಡಿಸಿದ ಜಾಗದಲ್ಲಿ ಬರೀ ಮೂಳೆ ಕಾಣ್ತೈತೆ. ಅಲ್ಲಿಗೆ ಔಷಧಿ ಬಟ್ಟೆ ಇಟ್ಟು, ಮೇಲೆ ಕಟ್ಟುಹಲ್ಲಿನೋರು ಮಾಡೋಂಥ ತಟ್ಟೆ ಕೂಡಿಸ್ತಾರೆ. ಹೊಸ ಮಾಂಸ ತುಂಬಾಕೆ ವಾರಗಟ್ಟಲೆ ಹಿಡೀತೈತೆ.

ಇದೂ ಹೋದ್ರೆ? ಅಂತ ಕೇಳಿದೆ. "ಇದು ಹೋಗೋ ಹಂಗಿಲ್ಲ" ಅಂದರು. ಅವರು ಹಂಗೆ ಹೇಳಿದ್ದು ನಾನು ಇದೇ ಮೊದಲು ಕೇಳಿದ್ದು.

ಕಲ್ಲೇಶಪ್ಪ


ಚನ್ನಗಿರಿ
5-9-1983

ಕಲ್ಲೇಶ,

ಹಾಡು ಯಾವುದು ಅಂತ ಡಾಕ್ಟ್ರಿಗೆ ಹೇಳು: ಯಾವುದೋ ಸಿನಿಮಾದ್ದು, ಚೆನ್ನಾಗೇನೂ ಇಲ್ಲ. ಅಂಥಾ ಹಾಡಿಗೆ ಬಾಯಿ ಹರಕೊಂಡೆ.

ಮೊದಲನೇ ಹಾಳೆಯಲ್ಲಿ ಇಷ್ಟೇ. ಸಾವಂತ್ರಮ್ಮ ಓದಬಹುದು ಅಂತ ಮಿಕ್ಕಿದ್ದು ಎರಡನೇ ಹಾಳೆಗೆ ಹಾಕಿದೀನಿ.

ತಾಳ ಕುಟ್ಟಿಕೊಂಡು ಹಿಂದೆ ನಡೆಯುವಾಗ ಯೋಚನೆ ಮಾಡಾಕೆ ಹೊತ್ತು ಭಾಳ ಸಿಗ್ತೈತೆ. ಮುಂದೆ ನಡೆಯುವಾಗ ಸಿಗ್ತಿರಲಿಲ್ಲ. ಹೊನ್ನಾಳಿ ಮದುವೆ, ಎಪ್ಪತ್ನಾಲ್ಕನೇ ಇಸವಿ. ನಾನು ಮೊದಲನೇ ಕ್ಲಾರ್ನೆಟ್, ನೀನು ಎರಡನೆಯದು. ಗಂಡಿನ ಕಡೆಯೋರು ಬೀದಿ ಬಾಗಿಲಿಗೆ ಬಂದ್ರು. ಮೋಹನ ರಾಗದಲ್ಲಿ ನುಡಿಸ್ತಿದ್ವಿ. ನಡುವೆ ನೀನು ಊದೋದು ನಿಲ್ಲಿಸಿದೆ. ಮದುವೆ ಗಂಡಿನ ಸೋದರಮಾವ, "ಯಾರದು ನಿಲ್ಲಿಸಿದ್ದು?" ಅಂತ ಗದರಿದ. ನಾನು ನಿನ್ನ ಕಡೆ ಕೈ ತೋರಿಸಿ ಎಲ್ಲರ ಎದುರಿಗೆ ಅಂದೆ: "ಇವನಿಗೆ ಉಸಿರು ಸಾಲದು." ಜನ ನಕ್ಕರು. ಮರುದಿನ ಬೆಳಗ್ಗೆ ನಿನ್ನ ಟ್ರಂಕು ಇರಲಿಲ್ಲ. ನೀನು ಜಗಳೂರಲ್ಲಿ ನೌಕರಿಗೆ ಸೇರಿದ ಸುದ್ದಿ ತಿಂಗಳಾದ ಮೇಲೆ ಬಂತು.

ನೀನು ಯಾಕೆ ನಿಲ್ಲಿಸಿದೆ ಅಂತ ನನಗೆ ಆಗಲೇ ಗೊತ್ತಿತ್ತು. ನಾನು ಯಾವುದೋ ಗ್ಯಾನದಲ್ಲಿ ಮೋಹನ ಬಿಟ್ಟು ಹಂಸಧ್ವನಿಗೆ ಜಾರಿದ್ದೆ. ನೀನು ಮೋಹನದಲ್ಲೇ ಊದಿದ್ರೆ ಬೀದಿ ಮಂದಿಗೆಲ್ಲ ತಪ್ಪು ಗೊತ್ತಾಗ್ತಿತ್ತು. ನನ್ನ ಹಿಂದೆ ಜಾರಾಕೆ ನಿನಗೆ ಹೊತ್ತು ಸಿಗಲಿಲ್ಲ. ನಿಲ್ಲಿಸಿದೆ. ನನ್ನ ತಪ್ಪು ಮುಚ್ಚಾಕೆ ನಿಲ್ಲಿಸಿದೆ.

ಗೊತ್ತಿದ್ದೂ ಕೈ ತೋರಿಸಿದೆ. ಒಂಬತ್ತು ವರ್ಷ ಇದನ್ನ ಯಾರಿಗೂ ಹೇಳಿಲ್ಲ.

ಹನುಮಣ್ಣ


ಜಗಳೂರು
12-9-1983

ಹನುಮಣ್ಣ,

ಇಲ್ಲಿ ಶೇಂಗಾ ಕೀಳೋ ಕೆಲಸ ಶುರುವಾಗೈತೆ. ಆಸ್ಪತ್ರೆಗೆ ಜನ ಕಡಿಮೆ.

ನವೆಂಬರ್ 17ಕ್ಕೆ ಆಪರೇಷನ್ ಅಂತ ಗೊತ್ತು ಮಾಡೈತೆ. ಅಲ್ಲಿತನಕ ದಿನಾ ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸು, ಜೋರಾಗಿ ಬ್ಯಾಡ, ಬಾಯಲ್ಲಿ ಹಿಡಿದು ತಲೆ ಆಚೆ ಈಚೆ ವಾಲಿಸಿ ಉಗುಳು. ಮೊಟ್ಟೆ, ಬೇಳೆ, ಹಾಲು ತಿಂದು ಮೈ ಗಟ್ಟಿ ಮಾಡ್ಕೋ. ತಟ್ಟೆ ಮಾಡಾಕೆ ಬಾಯಿ ಅಳತೆ ತಗೋಬೇಕು, ಅದಕ್ಕೆ ಅಕ್ಟೋಬರ್ 20ಕ್ಕೆ ಒಂದು ಸಲ ಬಂದು ಹೋಗು. ಮೇಣದಂಥಾದ್ದು ಬಾಯಿ ತುಂಬ ಇಟ್ಟು ಅಳತೆ ತಗೊಂತಾರೆ, ವಾಂತಿ ಬಂದಂಗೆ ಆಗ್ತೈತೆ, ಮೂಗಲ್ಲಿ ಉಸಿರಾಡಿದ್ರೆ ಏನೂ ಆಗಲ್ಲ.

ಆಪರೇಷನ್ ಆದ ಮೇಲೆ ಹದಿನೈದು ದಿನ ನೀನು ಚನ್ನಗಿರಿಗೆ ಹೋಗೋ ಹಂಗಿಲ್ಲ. ಮೇಡಂ ನಿನ್ನ ನಂಬಲ್ಲ, ನಾನೂ ನಂಬಲ್ಲ. ನಮ್ಮ ಮನೆಯಲ್ಲೇ ಇರಬೇಕು. ನಮ್ಮ ಮನೆಯಾಕೆ ಚೌಡಮ್ಮಂಗೆ ಹೇಳಿದೀನಿ.

ನಿನ್ನ ಎರಡನೇ ಹಾಳೆ ತಲುಪಿತು.

ಕಲ್ಲೇಶ


ಚನ್ನಗಿರಿ
4-12-1983

ಕಲ್ಲೇಶ,

ಸುರಕ್ಷಿತವಾಗಿ ಊರು ಸೇರಿದೆ. ಬಿಳಿಚೋಡಿನ ಹತ್ತಿರ ಬಸ್ಸು ಎತ್ತಿ ಕುಕ್ಕಿದಾಗ ಬಾಯಿ ಎರಡೂ ಕೈಯಲ್ಲಿ ಹಿಡಕೊಂಡೆ. ಪಕ್ಕದವನು ನನಗೆ ವಾಂತಿ ಅಂದ್ಕೊಂಡು ಎದ್ದು ಆಚೆ ಹೋದ. ಕಿಟಕಿ ಪಕ್ಕದ ಸೀಟು ಸಿಕ್ತು.

ಮೊದಲು ಚೌಡಮ್ಮ ಅತ್ತಿಗೆಗೆ ನಮಸ್ಕಾರ ತಿಳಿಸು. ರಾಗಿ ಗಂಜಿ, ಗೋದಿ ಗಂಜಿ, ಅಕ್ಕಿ ಗಂಜಿ, ಸಜ್ಜೆ ಗಂಜಿ. ಗಂಜಿಯಲ್ಲಿ ಇಷ್ಟು ಜಾತಿ ಇದಾವೆ ಅಂತ ನನಗೆ ಗೊತ್ತಿರಲಿಲ್ಲ. ಮನೆಯೋರೆಲ್ಲ ಮೆಣಸಿನಕಾಯಿ ಬಜ್ಜಿ ತಿಂತಿದ್ದ ದಿನ ನನ್ನನ್ನ ಹಿತ್ತಲಿಗೆ ಕಳಿಸಿದ್ದು ಮಾತ್ರ ಮರೆಯಲ್ಲ. ವಾಸನೆ ಹಿತ್ತಲಿಗೂ ಬಂತು.

ಮೊನ್ನೆ ಗುರುವಾರ ಡಾಕ್ಟ್ರಮ್ಮ ಹೊಲಿಗೆ ಬಿಚ್ಚುವಾಗ ನೀನು ನನ್ನ ತಲೆ ಹಿಡಕೊಂಡಿದ್ದೆಯಲ್ಲ, ಕಣ್ಣು ಬಿಟ್ಟು ನೋಡಿದೆ. ಮೊದಲನೇ ಸಲ ಮುಚ್ಚಿಕೊಂಡಿದ್ದೆ, ಈ ಸಲ ಏಳೂ ಗಂಟು ಬಿಚ್ಚುವತನಕ ಮುಚ್ಚಲಿಲ್ಲ. ಗಂಟನ್ನ ಚಿಮಟದಲ್ಲಿ ಎತ್ತಿ, ಒಸಡಿಗೆ ಅಂಟಿದ ಕಡೆ ಕತ್ತರಿಸಿ, ಒಂದೇ ಎಳೆತ. ಹೊರಗಿದ್ದ ಗಲೀಜು ದಾರ ಒಳಗೆ ಹಾಯದಂಗೆ ಎಳೀತಾರೆ ಅಂತ ನೀನು ಆಮೇಲೆ ಹೇಳಿದೆ. ಅಂಥದ್ದನ್ನೆಲ್ಲ ಹೇಳುವಾಗ ನಿನ್ನ ಮುಖ ಹೆಂಗಾಗ್ತೈತೆ ಗೊತ್ತಾ? ಹೊಸ ರಾಗ ಕಲಿತು ಬಂದ ದಿನ ಹಿಂಗೇ ಆಗ್ತಿತ್ತು.

ಹದಿನೈದು ದಿನ ಒಂದೇ ಮನೆಯಲ್ಲಿ ಇದ್ರೂ ಹೊನ್ನಾಳಿ ಮಾತು ಇಬ್ಬರೂ ಎತ್ತಲಿಲ್ಲ. ಹೆಚ್ಚು ಮಾತಾಡಬ್ಯಾಡ ಅಂತ ನನಗೆ ಡಾಕ್ಟ್ರು ಹೇಳಿದ್ರು. ನಿನಗೆ ಯಾರೂ ಹೇಳಿರಲಿಲ್ಲ. ಇರಲಿ. ಹೊರಡೋ ದಿನ ಬೆಳಗ್ಗೆ ನನ್ನ ಅಂಗಿ ಇಸ್ತ್ರಿ ಮಾಡಿ ಇಟ್ಟಿದ್ದು ಅತ್ತಿಗೆ ಅಂದ್ಕೊಂಡಿದ್ದೆ. ಅವರು ನಾನಲ್ಲ ಅಂದ್ರು.

ನೀರು ಕುಡಿದೆ. ಮೂಗು ಒಣಗೇ ಐತೆ.

ಹನುಮಣ್ಣ


ಚನ್ನಗಿರಿ
25-1-1984

ಕಲ್ಲೇಶ,

ಜನವರಿ 12ಕ್ಕೆ ಡಾಕ್ಟ್ರಮ್ಮ ತಟ್ಟೆ ತೆಗೆದು, ಮೂಗಿನ ಕೆಳಗೆ ಸಣ್ಣ ಕನ್ನಡಿ ಹಿಡಿದು ಎಲ್ಲ ನೋಡಿ, "ಸಂಕ್ರಾಂತಿ ಕಳೀಲಿ, ಊದಿ" ಅಂದಿದ್ದು ನೀನೂ ಕೇಳಿದೀಯ. ಸಂಕ್ರಾಂತಿ ಕಳೆದು ಹತ್ತು ದಿನ ಆಯ್ತು.

ಊದಿಲ್ಲ.

ಪೆಟ್ಟಿಗೆ ಅಟ್ಟದಿಂದ ಇಳಿಸಿದೀನಿ. ಧೂಳು ಒರೆಸಿದೀನಿ. ದಿನಾ ಬೆಳಗ್ಗೆ ಮುಂದೆ ಇಟ್ಟುಕೊಂಡು ಕೂರ್ತೀನಿ, ಚಾ ಕುಡೀತೀನಿ, ಒಳಗೆ ಇಡ್ತೀನಿ. ಮಹೇಶ್ವರಪ್ಪ ಎರಡು ಸಲ ಕೇಳಿದ್ರು. ಶಿವರಾತ್ರಿ ಮೇಲೆ ಸಾಸ್ವೆಹಳ್ಳಿಯಲ್ಲಿ ದೊಡ್ಡ ಮದುವೆ ಒಂದೈತೆ, ನೀನು ಮುಂದೆ ನಿಲ್ಲಬೇಕು ಅಂದ್ರು. ಇನ್ನೂ ಡಾಕ್ಟ್ರು ಬಿಟ್ಟಿಲ್ಲ ಅಂತ ಸುಳ್ಳು ಹೇಳಿದೆ.

ತೂತು ಮುಚ್ಚಿಲ್ಲ ಅಂತ ಗೊತ್ತಾಗೋತನಕ ಮುಚ್ಚೈತೆ ಅಂತಲೇ ಇರಬಹುದಲ್ಲ? ಊದಿದ ಕ್ಷಣ ಒಂದಲ್ಲ ಒಂದು ಗೊತ್ತಾಗೇಬಿಡ್ತೈತೆ. ಒಂದು ಸಲ ಬೀಗರ ಎದುರಿಗೆ ಮೂಗಲ್ಲಿ ಗಾಳಿ ಬಿಟ್ಟವನಿಗೇ ಗೊತ್ತು ಅದು ಏನಂತ. ಸಾವಂತ್ರಮ್ಮ ಏನೂ ಕೇಳಲ್ಲ. ಅವಳು ಕೇಳದಿದ್ರೆ ನನಗೆ ಇನ್ನೂ ಭಯ.

ಇದನ್ನ ನಿನಗಲ್ಲದೆ ಯಾರಿಗೆ ಬರೀಲಿ.

ಹನುಮಣ್ಣ


ಜಗಳೂರು
30-1-1984

ಹನುಮಣ್ಣ,

ಕಾರ್ಡಲ್ಲಿ ಜಾಗ ಕಡಿಮೆ. ಫೆಬ್ರವರಿ 5, ಭಾನುವಾರ, ಮಧ್ಯಾಹ್ನದ ಊಟಕ್ಕೆ ಬರ್ತೀನಿ. ಸೋಮವಾರಕ್ಕೂ ರಜಾ ಬರೆದುಕೊಟ್ಟಿದೀನಿ. ನಾನು ಬರೋತನಕ ನೀನು ಊದಬ್ಯಾಡ. ಒಂಬತ್ತು ವರ್ಷದಿಂದ ಕ್ಲಾರ್ನೆಟ್ ಮುಟ್ಟಿಲ್ಲ, ಒಂದು ಸಲ ಹಿಡಿದು ನೋಡೋ ಆಸೆ ಆಗೈತೆ, ಅದಕ್ಕೆ ಬರ್ತಿದೀನಿ. ನಿನಗೋಸ್ಕರ ಅಲ್ಲ.

ಕಲ್ಲೇಶ


ಚನ್ನಗಿರಿ
6-2-1984

ಚೌಡಮ್ಮ ಅತ್ತಿಗೆಗೆ ಸಾವಂತ್ರಮ್ಮ ಬರೆಯೋದು.

ಈ ಕಾಗದಾನ ನಿಮ್ಮೆಜಮಾನ್ರ ಕೈಯಲ್ಲೇ ಕೊಟ್ಟು ಕಳಿಸ್ತಿದೀನಿ. ಅನ್ನದಗುಳಲ್ಲಿ ಅಂಟಿಸಿದೀನಿ, ದಾರಿಯಲ್ಲಿ ಬಿಚ್ಚಿ ಓದಿದ್ರೆ ನಿಮಗೆ ಗೊತ್ತಾಗ್ತೈತೆ.

ನಿನ್ನೆ ಅಣ್ಣಾರು ಹನ್ನೆರಡೂವರೆ ಬಸ್ಸಿಗೆ ಇಳಿದ್ರು. ಇವರು ಬಸ್‌ಸ್ಟ್ಯಾಂಡಿಗೆ ಹತ್ತೂವರೆಗೇ ಹೋಗಿ ನಿಂತಿದ್ರು. ಇಬ್ಬರೂ ಊಟಕ್ಕೆ ಕುಂತ್ರು. ಶೇಂಗಾ ಹೋಳಿಗೆ ಮಾಡಿದ್ದೆ. ಇವರು ಒಂದರ ಮೇಲೆ ಮುಟ್ಟಲಿಲ್ಲ. ಊಟ ಆದ ಮೇಲೆ ಹಿತ್ತಲ ನುಗ್ಗೆ ಮರದ ಕೆಳಗೆ ಚಾಪೆ ಹಾಕಿ ಪೆಟ್ಟಿಗೆ ತಂದಿಟ್ರು. ನಾನು ಪಾತ್ರೆ ತೊಳಿಯೋ ನೆಪ ಮಾಡಿಕೊಂಡು ಅಲ್ಲೇ ಕುಂತೆ. ಒಂದೇ ತಟ್ಟೇನ ನಾಲ್ಕು ಸಲ ತೊಳೆದಿರಬೇಕು.

ಇವರು ಕ್ಲಾರ್ನೆಟ್ ಜೋಡಿಸಿ, ಊದೋ ತುದಿಯ ರೀಡಿನ ಪಟ್ಟಿ ನೀರಲ್ಲಿ ನೆನೆಸಿ, ತೊಡೆ ಮೇಲೆ ಇಟ್ಟುಕೊಂಡು ಕುಂತ್ರು. ಬಾಯಿಗೆ ಇಡಲಿಲ್ಲ. ಒಂದು ಕಾಗೆ ಬಂದು ಅನ್ನ ತಿಂದು ಹೋಯ್ತು. ಆಮೇಲೆ ಅಣ್ಣಾರು, "ಕೊಡು ಇಲ್ಲಿ, ನಾನು ಮೊದಲು ನೋಡ್ತೀನಿ" ಅಂತ ತಗೊಂಡ್ರು.

ಅತ್ತಿಗೆ, ಏನು ಹೇಳ್ಲಿ! ಬಾತುಕೋಳಿ ಕತ್ತು ಹಿಚುಕಿದಂಗೆ ಒಂದು ಸದ್ದು ಬಂತು. ಪಕ್ಕದ ಮನೆ ಉಡಚಮ್ಮ ಬೇಲಿ ಮೇಲೆ ತಲೆ ಹಾಕಿ, "ಕರು ಏನಾದ್ರೂ ಹಗ್ಗಕ್ಕೆ ಸಿಕ್ಕೈತೇನೇ?" ಅಂದ್ರು. ಅಣ್ಣಾರು ನಿಲ್ಲಿಸಲಿಲ್ಲ. ಯಾವುದೋ ರಾಗ ಶುರು ಮಾಡಿದ್ರು, ನನಗೆ ರಾಗ ಗೊತ್ತಾಗಲ್ಲ, ಆದ್ರೆ ಮೂರು ಹೆಜ್ಜೆಗೆ ಒಂದು ಸಲ ಮುಗ್ಗರಿಸ್ತಿತ್ತು. ಇವರ ಮುಖ ನೋಡಿದೆ. ಮೊದಲು ಕಣ್ಣು ಮುಚ್ಚಿದ್ರು. ಆಮೇಲೆ ಹಲ್ಲು ಕಚ್ಚಿದ್ರು. "ಬೆರಳು, ಬೆರಳು" ಅಂದ್ರು. "ಮೇಲಿಂದು ಬಿಡು" ಅಂದ್ರು. ಅಣ್ಣಾರು ಕೆಳಗಿಂದು ಬಿಟ್ಟು ಮತ್ತೂ ಕೆಟ್ಟದಾಗಿ ಊದಿದ್ರು.

"ಹಿಂಗಲ್ಲೋ ಮಾರಾಯ!" ಅಂತ ಇವರು ಕಿತ್ತುಕೊಂಡೇಬಿಟ್ರು. ಊದಿದ್ರು. ಒಂದು ಸಾಲು ಪೂರ್ತಿ ಊದಿ, "ಕೇಳಿಸ್ತಾ? ಅಲ್ಲಿ ಎಳೀಬೇಕು, ಕಡೀಬಾರದು," ಅಂತ ಮತ್ತೊಂದು ಸಾಲು ಊದಿ ತೋರಿಸಿದ್ರು. ಅದು ಮುಗಿದ ಮೇಲೆ ಗ್ಯಾನ ಬಂತು ನೋಡ್ರಿ. ಕ್ಲಾರ್ನೆಟ್ ಬಾಯಲ್ಲೇ ಇಟ್ಟುಕೊಂಡು ಕಣ್ಣು ಇಷ್ಟಗಲ ಮಾಡಿ ಅಣ್ಣಾರ ಕಡೆ ನೋಡಿದ್ರು. ಅಣ್ಣಾರು ಯಾವಾಗ ಕೈ ಚಾಚಿದ್ರೋ, ಇವರ ಮೂಗಿನ ಕೆಳಗೆ ಬೆರಳು ಹಿಡಕೊಂಡು ಕುಂತಿದ್ರು.

"ಇನ್ನೊಂದು ಸಲ," ಅಂದ್ರು ಅಣ್ಣಾರು.

ಇವರು ಉದ್ದಕ್ಕೆ ಒಂದೇ ಸ್ವರ ಹಿಡಿದು ಊದಿದ್ರು. ಎಷ್ಟು ಹೊತ್ತು ಅಂತೀರಿ, ನನಗೇ ಉಸಿರು ಕಟ್ಟಿತು. ಅಣ್ಣಾರ ಬೆರಳು ಅಲ್ಲಾಡಲಿಲ್ಲ. ಆಮೇಲೆ ಬೆರಳು ತೆಗೆದು ಪಂಚೆಗೆ ಒರೆಸಿಕೊಂಡು, "ಗಾಳಿ ಇಲ್ಲ. ಸಿಂಬಳ ಐತೆ," ಅಂದ್ರು. ಇಬ್ಬರೂ ನಗಾಕೆ ಶುರು ಮಾಡಿದ್ರು. ನಕ್ಕು ನಕ್ಕು ಇವರು ಚಾಪೆ ಮೇಲೆ ಬಿದ್ದುಬಿಟ್ರು. ಬಾಯಿ ಅಷ್ಟಗಲ ತೆಗೀಬ್ಯಾಡ್ರಿ ಅಂತ ನಾನು ಕೂಗಿದೆ. ಯಾರು ಕೇಳ್ತಾರೆ. ನಾನೂ ಸೆರಗಲ್ಲಿ ಕಣ್ಣು ಒರೆಸಿಕೊಂಡು ಇನ್ನೊಂದು ಬುಟ್ಟಿ ಹೋಳಿಗೆ ತಂದಿಟ್ಟೆ. ಇವರು ಆರು ತಿಂದ್ರು. ಎಡಗಡೆಯಿಂದ್ಲೇ ಅಗಿದ್ರು.

ಅಣ್ಣಾರು ನಾಳೆ ಬೆಳಗಿನ ಬಸ್ಸಿಗೆ ಹೊರಡ್ತಾರೆ. ಡಾಕ್ಟ್ರಮ್ಮಂಗೆ ಅಂತ ಹೋಳಿಗೆ ಬೇರೆ ಕಟ್ಟಿದೀನಿ, ಮೇಲಿನ ಗಂಟು ಅವರದು, ಕೆಳಗಿಂದು ನಿಮ್ಮನೆಗೆ. ಸಾಸ್ವೆಹಳ್ಳಿ ಮದುವೆಗೆ ನೀವೂ ಬರಲೇಬೇಕು. ಎರಡನೇ ಕ್ಲಾರ್ನೆಟ್ ಯಾರು ಅನ್ನೋದು ಇನ್ನೂ ಗೊತ್ತಾಗಿಲ್ಲ, ನಿನ್ನೆಯಿಂದ ಅದಕ್ಕೇ ಜಗಳ ನಡೀತೈತೆ. "ನನಗೆ ಬರಲ್ಲ, ನೋಡಿದೆಯಲ್ಲ ಹೆಂಗೆ ಊದಿದೆ" ಅಂತಾರೆ ನಿಮ್ಮೆಜಮಾನ್ರು. ಕಲಿಸ್ತೀನಿ ಅಂತಾರೆ ಇವರು.

ಒಂದು ಮಾತು ನಿಮಗೆ ಮಾತ್ರ ಹೇಳ್ತೀನಿ ಅತ್ತಿಗೆ, ಇವರಿಗೆ ಹೇಳಿಲ್ಲ. ಇವತ್ತು ಸಂಜೆ ಇವರು ಎಲೆ ಅಡಿಕೆ ತರಾಕೆ ಪೇಟೆಗೆ ಹೋಗಿದ್ರು. ನಾನು ಬಾವಿಗೆ ಹೋಗಿದೀನಿ ಅಂತ ಅಣ್ಣಾರು ತಿಳಿದಿದ್ರು. ಹಿತ್ತಲಲ್ಲಿ ಒಬ್ಬರೇ ಕುಂತು, ನಿನ್ನೆ ಮುಗ್ಗರಿಸಿದ್ದ ಅದೇ ರಾಗಾನ ಮೊದಲಿಂದ ಕೊನೇತನಕ ಊದಿದ್ರು. ನಾನು ಕೊಡ ಸೊಂಟದ ಮೇಲೆ ಇಟ್ಟುಕೊಂಡು ಗೋಡೆ ಪಕ್ಕ ನಿಂತೆ.

ಒಂದು ಕಡೆಯೂ ತಪ್ಪಲಿಲ್ಲ.

ನಿಮ್ಮ,
ಸಾವಂತ್ರಮ್ಮ